ತ್ರೈಮಾಸಿಕದ ಐದನೇ ಸಂಚಿಕೆ

ನೂರ ಹದಿನೆಂಟನೇ ಪುಟದಲ್ಲಿ ಭಿನ್ನರಾಶಿ ಇತ್ತು. ಅಲ್ಲಿ ಇರಬೇಕಾದದ್ದು ಅನುಮಾನ.

ಗ್ರಂಥಪಾಲಕಿ ಹಾಳೆ ಮಗುಚಿದಳು. ನೂರ ಹತ್ತೊಂಬತ್ತರಲ್ಲೂ ಭಿನ್ನರಾಶಿ. ನೂರ ಮೂವತ್ತೊಂದರವರೆಗೂ ಅದೇ: ಐದನೇ ತರಗತಿಯ ಮಕ್ಕಳಿಗೆ ಅರ್ಧ, ಕಾಲು, ಮುಕ್ಕಾಲು ಹೇಳಿಕೊಡುವ ಕ್ರಮ. ಮುಚ್ಚಿ ರಟ್ಟಿನ ಬೆನ್ನು ನೋಡಿದಳು. ಶಿಕ್ಷಣದ ತ್ರೈಮಾಸಿಕ ಪತ್ರಿಕೆ, ಸಂಪುಟ ಹದಿಮೂರು. ತೆಗೆದ ಸಂಪುಟ ಸರಿಯಾಗಿಯೇ ಇತ್ತು. ನಾಲ್ಕೂ ಸಂಚಿಕೆಗಳ ಪರಿವಿಡಿಯ ಮೇಲೆ ಪೆನ್ಸಿಲಿನ ತುದಿ ಓಡಿಸಿದಳು. ಗ್ರಂಥಾಲಯದೊಳಗೆ ಪೆನ್ನು ತೆರೆಯಕೂಡದು ಎಂಬ ನಿಯಮ ತಂದವಳು ಅವಳೇ. ‘ಅನುಮಾನವನ್ನು ಕಲಿಸುವ ಬಗೆ: ಹದಿಮೂರು ಶಾಲೆಗಳ ಅಧ್ಯಯನ’ ಎಂಬ ಲೇಖನ ಎಲ್ಲೂ ಇರಲಿಲ್ಲ. ಹಿಂದಿನ ಸಂಪುಟದಲ್ಲಿ ಇಲ್ಲ. ಮುಂದಿನದರಲ್ಲೂ ಇಲ್ಲ. ಕಂಪ್ಯೂಟರಿನಲ್ಲಿ ಹುಡುಕಿದರೆ ಆ ಲೇಖನದ ಮಾತೆತ್ತಿದ ಹತ್ತೊಂಬತ್ತು ಬರಹಗಳು ಸಿಕ್ಕವು. ನೆಂಟರೆಲ್ಲ ಬಂದು ಕೂತಿದ್ದರು, ಮದುಮಗನೇ ಇರಲಿಲ್ಲ.

ಕೌಂಟರಿನ ಆಚೆ ಸಂಶೋಧಕಿ ನಿಂತಿದ್ದಳು. ಇಪ್ಪತ್ತೆಂಟರ ಹುಡುಗಿ. ಕೈಯಲ್ಲಿ ಹೊರಗಿನ ಪರೀಕ್ಷಕರ ಪತ್ರ. ಅವಳ ಪ್ರಬಂಧದ ವಿಷಯ, ಸುಳ್ಳು ಮಾಹಿತಿ ಮತ್ತು ಮಾಧ್ಯಮ ಸಾಕ್ಷರತೆಯ ಬಗ್ಗೆ ಶಿಕ್ಷಣ ಕ್ಷೇತ್ರದಲ್ಲಿ ನಡೆದ ಸಂಶೋಧನೆಯ ಒಲವುಗಳು. ಐದು ವರ್ಷ ಕೂತು ಮುನ್ನೂರ ಹನ್ನೆರಡು ಅಧ್ಯಯನಗಳನ್ನು ಸೋಸಿದ್ದಳು. ಯಾವ ವರ್ಷ ಎಷ್ಟು, ಮಕ್ಕಳ ಮೇಲೆ ಎಷ್ಟು, ಶಿಕ್ಷಕರ ಮೇಲೆ ಎಷ್ಟು, ಸುದ್ದಿಯನ್ನು ಪರೀಕ್ಷಿಸಿ ನೋಡುವುದನ್ನು ಕಲಿಸಿದರೆ ಆ ಕಲಿಕೆ ಎಷ್ಟು ದಿನ ಉಳಿಯುತ್ತದೆ, ಎಲ್ಲಕ್ಕೂ ಕೋಷ್ಟಕ. ಆ ಕೋಷ್ಟಕಗಳ ಬುಡದಲ್ಲಿ ಇದ್ದದ್ದು ಆಕರಸೂಚಿಯ ಇನ್ನೂರ ನಾಲ್ಕನೇ ನಮೂದು. ಕಲಿಸಿದರೆ ಉಳಿಯುತ್ತದೆ ಎಂದು ಮೊದಲು ತೋರಿಸಿದ ಅಧ್ಯಯನ. ಅದೇ ಇಲ್ಲ ಎಂದು ಪರೀಕ್ಷಕರು ಬರೆದಿದ್ದರು. ಪತ್ರ ಮೂರೇ ಸಾಲು. ಮೂರನೇ ಸಾಲಿನಲ್ಲಿ ಒಂದು ಪದ: ಕಪೋಲಕಲ್ಪಿತ.

ಶುಕ್ರವಾರ ಹನ್ನೊಂದಕ್ಕೆ ವಿಚಾರಣಾ ಸಮಿತಿ. ಆರೋಪ ನಿಂತರೆ ಪ್ರಬಂಧ ತಿರಸ್ಕಾರ, ನೋಂದಣಿ ರದ್ದು. ಮತ್ತೆಲ್ಲೂ ಸೇರುವಂತಿಲ್ಲ. ಇವತ್ತು ಮಂಗಳವಾರ.

“ಇದನ್ನ ಓದಿದೀಯಾ?” ಗ್ರಂಥಪಾಲಕಿ ಕೇಳಿದಳು.

“ಓದಿದೀನಿ ಮೇಡಂ.”

“ಎಲ್ಲಿ?”

“ಇಲ್ಲೇ. ಜೆರಾಕ್ಸ್ ಮಾಡಿಸ್ಕೊಂಡಿದ್ದೆ. ರೂಮು ಬದಲಾಯಿಸುವಾಗ ಎಲ್ಲೋ ಹೋಯ್ತು.”

ಗ್ರಂಥಪಾಲಕಿ ಸಂಪುಟವನ್ನು ಅವಳ ಕಡೆ ತಿರುಗಿಸಿದಳು. ರಟ್ಟು ಕಟ್ಟಿಸಿ ಬಂದ ಮೇಲೆ ಅದನ್ನು ಇವತ್ತೇ ಮೊದಲು ತೆರೆದದ್ದು. ಹಾಳೆಗಳ ಅಂಚು ಕತ್ತರಿಸಿದಲ್ಲಿ ಇನ್ನೂ ಒಂದಕ್ಕೊಂದು ಹತ್ತಿಕೊಂಡಿದ್ದವು. ಭಿನ್ನರಾಶಿ ಮುಗಿದ ಮೇಲಿನ ಎರಡು ಹಾಳೆಗಳನ್ನು ಅವಳು ಉಗುರಿನಿಂದ ಬಿಡಿಸಿ ತೋರಿಸಿದಳು. ಹುಡುಗಿಯ ಕಿವಿ ಕೆಂಪಾಯಿತು.

ಓದಿಲ್ಲ ಎಂದು ಆಮೇಲೆ ಒಪ್ಪಿಕೊಂಡಳು. ಎಲ್ಲರೂ ಹೇಳಿದ್ದನ್ನೇ ತಾನೂ ಹೇಳಿದೆ ಎಂದಳು. ‘ಶೇಕಡಾ ಅರವತ್ತು’ ಎಂಬ ಅಂಕಿ, ‘ಪುಟ ನೂರ ಇಪ್ಪತ್ನಾಲ್ಕು’ ಎಂಬ ಗುರುತು ಎಲ್ಲ ಬೇರೆಯವರ ಬರಹದಿಂದ ಎತ್ತಿದ್ದು. ಉಳಿದ ಮುನ್ನೂರ ಹನ್ನೊಂದನ್ನೂ ನಿಜವಾಗಿ ಓದಿದ್ದೀನಿ, ಬೇಕಾದರೆ ಒಂದೊಂದನ್ನೂ ಕೇಳಿ ಎಂದಳು.

“ಆದ್ರೆ ನಾನು ಹುಟ್ಟಿಸಿಲ್ಲ ಮೇಡಂ. ಹುಟ್ಟಿಸಿದೋರು ಯಾರೋ ಇದ್ದಾರೆ.”

ಗ್ರಂಥಪಾಲಕಿ ಸುಳ್ಳನ್ನು ಸಹಿಸುವವಳಲ್ಲ. ವಿದ್ಯಾರ್ಥಿಗಳು ಅವಳನ್ನು ಬೆನ್ನ ಹಿಂದೆ ‘ಪುಟಸಂಖ್ಯೆ ಮೇಡಂ’ ಎನ್ನುತ್ತಿದ್ದರು. ಒಂದು ಕಾಲದಲ್ಲಿ ಹೊಸಬರಿಗೆ ಆಕರ ಪರೀಕ್ಷಿಸುವ ಪಾಠ ಮಾಡುತ್ತಿದ್ದಳು. ಈಗ ಅದೂ ಇಲ್ಲ. ಹೋದ ತಿಂಗಳು ಅತ್ತೆ ಮೊಬೈಲಿನಲ್ಲಿ ಬಂದ ಒಂದು ಸುದ್ದಿಯನ್ನು ಬಂಧುಗಳಿಗೆಲ್ಲ ಕಳಿಸಿಬಿಟ್ಟಿದ್ದರು. ಬೀದಿ ಕೊನೆಯ ಔಷಧಿ ಅಂಗಡಿಯವನ ಕೆಮ್ಮಿನ ಔಷಧಿ ಕುಡಿದು ಮಗುವೊಂದು ಎಚ್ಚರ ತಪ್ಪಿತಂತೆ. ಹಾಗೇನೂ ಆಗಿರಲಿಲ್ಲ. ಸೊಸೆ ಪಕ್ಕದಲ್ಲೇ ಕೂತು, ಹನ್ನೊಂದು ಮನೆಗೆ ಒಂದೊಂದಾಗಿ ಫೋನ್ ಮಾಡಿಸಿ ‘ಅದು ಸುಳ್ಳು, ಕಳಿಸಿದ್ದು ನನ್ನ ತಪ್ಪು’ ಎಂದು ಹೇಳಿಸಿದ್ದಳು. ಏಳನೇ ಫೋನಿಗೆ ಅತ್ತೆಯ ದನಿ ಸಣ್ಣಗಾಗಿತ್ತು. ಸೊಸೆ ಬಿಟ್ಟಿರಲಿಲ್ಲ.

ಈಗಲೂ ಬಿಡುವುದಿಲ್ಲ ಎಂದುಕೊಂಡಳು.

* * *

ಬುಧವಾರ ಬೆಳಿಗ್ಗೆ ಹತ್ತೊಂಬತ್ತು ಬರಹಗಳನ್ನೂ ಮೇಜಿನ ಮೇಲೆ ಹರಡಿದಳು. ಹೊಸದರಿಂದ ಹಳೆಯದಕ್ಕೆ ಹೊರಟಳು.

ಹೊಸವುಗಳಲ್ಲಿ ‘ಶೇಕಡಾ ಅರವತ್ತು ಮಕ್ಕಳಲ್ಲಿ ಕಲಿಕೆ ಉಳಿಯಿತು’ ಎಂದಿತ್ತು. ನಾಲ್ಕು ವರ್ಷದ ಹಿಂದಿನದರಲ್ಲಿ ‘ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ’. ಅದಕ್ಕಿಂತ ಹಳೆಯದರಲ್ಲಿ ಬರೀ ‘ಗಣನೀಯವಾಗಿ’. ಎಲ್ಲಕ್ಕಿಂತ ಹಳೆಯದು ಆರು ವರ್ಷದ ಹಿಂದಿನ ಒಂದು ಪುಸ್ತಕದ ಅಧ್ಯಾಯ. ಬರೆದವರು ಹುಡುಗಿಯ ಮಾರ್ಗದರ್ಶಕರೇ ಆದ ಪ್ರೊಫೆಸರ್.

ಅಲ್ಲಿ ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಪ್ರೊಫೆಸರರ ನಮೂದಿನಲ್ಲಿ ಸಂಚಿಕೆ ‘5’ ಎಂದಿತ್ತು. ಹುಡುಗಿಯ ಪ್ರಬಂಧದಲ್ಲಿ ‘4’.

ಕರೆಸಿ ಕೇಳಿದಳು. ಹುಡುಗಿ ತಡವರಿಸಲಿಲ್ಲ.

“ಮೂರು ತಿಂಗಳಿಗೊಂದು ಬರೋ ಪತ್ರಿಕೆಗೆ ಐದನೇ ಸಂಚಿಕೆ ಎಲ್ಲಿಂದ ಬರುತ್ತೆ ಮೇಡಂ? ಅಚ್ಚಿನ ತಪ್ಪು ಅಂದ್ಕೊಂಡೆ. ನಾಲ್ಕು ಅಂತ ಸರಿ ಮಾಡ್ದೆ.”

“ಸರಿ ಮಾಡೋ ಮುಂಚೆ ಸಂಪುಟ ತೆಗೆದು ನೋಡಬೇಕು ಅನ್ನಿಸಲಿಲ್ವಾ?”

ಸಂಪುಟ ಇದ್ದದ್ದು ಹುಡುಗಿ ದಿನಾ ಕೂರುವ ಕುರ್ಚಿಯಿಂದ ಹನ್ನೆರಡು ಹೆಜ್ಜೆ ದೂರದಲ್ಲಿ.

ಪ್ರೊಫೆಸರರ ಕೋಣೆಯಲ್ಲಿ ಗೋಡೆ ತುಂಬ ಸ್ಮರಣಿಕೆಗಳು. ಅವರು ಕುರ್ಚಿ ತೋರಿಸಿದರು, ಕನ್ನಡಕ ಒರೆಸಿದರು, ಸಮಿತಿಯ ಮುಂದೆ ತಾವೇನೂ ಹೇಳುವಂತಿಲ್ಲ ಎಂದರು. ವಿದ್ಯಾರ್ಥಿ ಮಾಡಿದ್ದಕ್ಕೆ ಮಾರ್ಗದರ್ಶಕ ಎಷ್ಟಂತ ಹೊಣೆ ಹೊರಬೇಕು ಎಂದು ಕೇಳಿದರು. ಗ್ರಂಥಪಾಲಕಿ ಅವರ ಪುಸ್ತಕವನ್ನೇ ತೆರೆದು ಮೇಜಿನ ಮೇಲಿಟ್ಟಳು. ಕನ್ನಡಕ ಒರೆಸುವುದು ನಿಂತಿತು.

“ನೀವು ಓದಿದ್ರಾ ಸರ್ ಇದನ್ನ?”

“ಓದೋದೇನು ಬಂತಮ್ಮ, ಶೀರ್ಷಿಕೆ ನೋಡಿದ್ರೆ ಗೊತ್ತಾಗಲ್ವಾ ಏನು ಹೇಳಿರ್ತಾರೆ ಅಂತ. ಅನುಮಾನ ಪಡೋದನ್ನ ಕಲಿಸಬಹುದು ಅಂತಾನೇ ಹೇಳಿರ್ತಾರೆ.”

“‘ಗಣನೀಯವಾಗಿ’ ಅಂತ ಬರ್ದಿದೀರಿ.”

“ಅದೊಂದು ಮಾತಿಗೆ.”

ಅವಳಿಗೆ ಒಳಗೊಳಗೇ ಒಂದು ಖುಷಿಯಾಯಿತು. ಕಳ್ಳ ಸಿಕ್ಕ ಎನ್ನುವ ಖುಷಿ. ಆ ಪುಸ್ತಕ ಬಂದ ವರ್ಷವೇ ಇವರಿಗೆ ಬಡ್ತಿ ಸಿಕ್ಕಿದ್ದು. ತಮ್ಮ ಮಾತಿಗೆ ಆಧಾರ ಬೇಕಾಯಿತು, ಆಧಾರವನ್ನು ಹುಟ್ಟಿಸಿಕೊಂಡರು. ಲೆಕ್ಕ ಎಷ್ಟು ಚೆನ್ನಾಗಿ ಕೂಡುತ್ತದೆ.

ಆದರೆ ಪ್ರೊಫೆಸರ್ ಎದ್ದು ಬೀರುವಿನ ತಳದಿಂದ ಒಂದು ತೆಳ್ಳಗಿನ ಪುಸ್ತಿಕೆ ತೆಗೆದರು. ಏಳು ವರ್ಷದ ಹಿಂದೆ ವಿಭಾಗದ ವಿದ್ಯಾರ್ಥಿಗಳೆಲ್ಲ ಸೇರಿ ತಂದ ಆಕರಸೂಚಿ. ಯಾವ ವಿಷಯಕ್ಕೆ ಏನು ಓದಬೇಕೆಂಬ ಪಟ್ಟಿ. ಮೂವತ್ತೊಂದನೇ ಪುಟದಲ್ಲಿ ಅದೇ ನಮೂದು. ಸಂಪುಟ 13, ಸಂಚಿಕೆ 5, ಪುಟ 118–131.

“ಇದರಿಂದ ತಗೊಂಡೆ,” ಎಂದರು. ದನಿ ಇಳಿದಿತ್ತು. “ನಮ್ಮದೇ ವಿಭಾಗದ್ದು. ನಂಬದೇ ಇರೋದು ಹೇಗೆ?”

ಪುಸ್ತಿಕೆಯ ಹಿಂದಿನ ರಕ್ಷಾಪುಟದಲ್ಲಿ ಅಕ್ಷರ ಜೋಡಣೆ ಮಾಡಿದ ಅಂಗಡಿಯ ವಿಳಾಸ ಇತ್ತು. ಕಾಲೇಜಿನ ಗೇಟಿನ ಎದುರಿಗಿನದೇ.

ಹೊರಗೆ ಬಂದು ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡಳು: ‘ಹಿಂದಕ್ಕೆ ಹೋದ ಹಾಗೆ ಎದ್ದು ಕಾಣುವ ತಪ್ಪು ಉಳಿದಿದೆ. ಮುಂದಕ್ಕೆ ಬಂದ ಹಾಗೆ ಯಾರೋ ಅದನ್ನು ತಿದ್ದಿದ್ದಾರೆ.’

* * *

ಗುರುವಾರ ಮಧ್ಯಾಹ್ನ ಗೇಟು ದಾಟಿದಳು.

ಡಿಟಿಪಿ ಅಣ್ಣನ ಅಂಗಡಿ ಎರಡು ಕಂಪ್ಯೂಟರು, ಒಂದು ಫ್ಯಾನು, ಮಿಕ್ಕಿದ್ದೆಲ್ಲ ಕಾಗದ. ಕಾಲೇಜಿನ ಎಲ್ಲರಿಗೂ ಅವನು ಅಣ್ಣ, ಅವನಿಗಿಂತ ದೊಡ್ಡವರಿಗೂ. ಇಪ್ಪತ್ತು ವರ್ಷದಿಂದ ಈ ಕಾಲೇಜಿನ ಪ್ರಬಂಧಗಳನ್ನೆಲ್ಲ ಅವನ ಬೆರಳು ಮೊದಲು ಓದಿತ್ತು. ಪ್ರೂಫ್ ಯಾವುದನ್ನೂ ಎಸೆಯುವವನಲ್ಲ. ತಪ್ಪು ಉಳಿದರೆ ಎಲ್ಲರೂ ತನ್ನ ತಲೆಗೇ ಕಟ್ಟುತ್ತಾರೆ, ಸಾಕ್ಷಿ ಬೇಕಲ್ಲ ಎನ್ನುತ್ತಿದ್ದ. ಅಟ್ಟದ ಮೇಲೆ ವರ್ಷಕ್ಕೊಂದು ಗಂಟು.

ಪುಸ್ತಿಕೆಯ ಹೆಸರು ಹೇಳಿದಳು. ಅವನು ಟೈಪು ಮಾಡುವುದನ್ನು ನಿಲ್ಲಿಸಿದ. ಅವಳ ಮುಖ ನೋಡಿದ. ಬೇಡ ಬಿಡಿ ಮೇಡಂ ಎಂದ. ಹಳೇ ಗಂಟು, ಇಲಿ ತಿಂದಿರಬಹುದು ಎಂದ. ಏಣಿ ಸರಿಯಿಲ್ಲ ಎಂದ. ಒಂದೇ ಉಸಿರಿಗೆ ಮೂರು ನೆಪ. ಏನೋ ಮುಚ್ಚಿಡುತ್ತಿದ್ದಾನೆ ಅನ್ನಿಸಿತು. ಪುಟ ತುಂಬಿಸಲು ಇವನೇ ಒಂದು ಸಾಲು ಸೇರಿಸಿದನೆ?

“ಅಣ್ಣಾ, ಒಂದು ಹುಡುಗಿ ಜೀವನದ ಪ್ರಶ್ನೆ. ನೀವು ಮಾಡಿದ್ರೆ ಈಗಲೇ ಹೇಳಿಬಿಡಿ.”

ಅವನು ಏಣಿ ಹತ್ತಿದ. ಏಣಿ ಗಟ್ಟಿಯಾಗಿಯೇ ಇತ್ತು. ಗಂಟು ಬಿಚ್ಚಿ ಒಂದು ಹಾಳೆ ಎಳೆದು ಅವಳ ಮುಂದಿಟ್ಟು, ತಾನು ಫ್ಯಾನಿನ ಕಡೆ ಮುಖ ಮಾಡಿ ನಿಂತ.

ಪ್ರೂಫಿನ ಮೂವತ್ತೊಂದನೇ ಪುಟ. ಅದೇ ನಮೂದು. ಸಂಚಿಕೆ 5. ಆದರೆ ಪುಟ 131–118. ಹಿಂದುಮುಂದು. ಅದರ ಕೆಳಗೆ ಅದಲುಬದಲು ಮಾಡುವ ಬಾಗಿದ ಗೆರೆ. ಅಂಚಿನಲ್ಲಿ ಒಂದು ಪದ, ಪೆನ್ಸಿಲಿನಲ್ಲಿ: ‘ಸರಿ.’

ಸಕಾರದ ಬಾಲ ಸ್ವಲ್ಪ ಉದ್ದ. ಅವಳ ಅಕ್ಷರ.

“ಪುಟದ ನಂಬರ್ ಉಲ್ಟಾ ಇದೆ, ತಿರುಗಿಸ್ಲಾ ಅಂತ ನಾನೇ ಕೌಂಟರಿಗೆ ಬಂದು ಕೇಳಿದ್ದೆ,” ಡಿಟಿಪಿ ಅಣ್ಣ ಬೆನ್ನು ಹಾಕಿಕೊಂಡೇ ಹೇಳಿದ. “ನೀವು ಹಾಳೆ ನೋಡ್ಲಿಲ್ಲ. ಸರಿ ಅಂದ್ರಿ. ಬರ್ದೂ ಕೊಟ್ರಿ.”

ಅವಳಿಗೆ ಅದು ನೆನಪಿರಲಿಲ್ಲ. ಆ ವರ್ಷದ ಯಾವುದೂ ನೆನಪಿರಲಿಲ್ಲ. ಆ ವರ್ಷ ಯಾರು ಏನು ಕೇಳಿದರೂ ಅವಳು ಸರಿ ಎನ್ನುತ್ತಿದ್ದಳು. ಊಟ ಮಾಡ್ತೀಯಾ ಎಂದರೆ ಸರಿ. ಅವರ ಬಟ್ಟೆ ಯಾರಿಗಾದರೂ ಕೊಟ್ಟುಬಿಡೋಣವಾ ಎಂದರೆ ಸರಿ.

“ಇದನ್ನ ಟೈಪ್ ಮಾಡೋಕೆ ಕೊಟ್ಟ ಮೂಲ ಹಾಳೆ ಇದೆಯಾ?”

ಇತ್ತು. ಜೆರಾಕ್ಸ್ ಪ್ರತಿ. ಒಂದೊಂದು ಭಾಗದ ಪಟ್ಟಿಯನ್ನು ಒಬ್ಬೊಬ್ಬ ವಿದ್ಯಾರ್ಥಿ ತಂದುಕೊಟ್ಟಿದ್ದರು. ಈ ಭಾಗ ಕೊಟ್ಟವನು ತಾನು ಹುಡುಕುವ ಗೋಜಿಗೆ ಹೋಗದೆ, ಯಾವುದೋ ತರಗತಿಯಲ್ಲಿ ಹಂಚಿದ್ದ ಹಾಳೆಯನ್ನೇ ಕೊಟ್ಟಿದ್ದ. ಇಪ್ಪತ್ತು ನಮೂದುಗಳು. ಎಲ್ಲವೂ ಅವಳ ಕೈಬರಹ. ಇಪ್ಪತ್ತನೆಯದರ ಕೆಳಗೆ, ಹಾಳೆಯ ತೀರಾ ಅಂಚಿನಲ್ಲಿ, ಇನ್ನೊಂದು ಸಾಲಿನ ತಲೆಗಳು ಮಾತ್ರ ಮೂಡಿದ್ದವು. ತಲೆಕಟ್ಟು, ಗುಡಿಸು, ಒಂದು ಕೊಂಬಿನ ತುದಿ. ಮಿಕ್ಕಿದ್ದು ಕಾಗದದಾಚೆ ಹೋಗಿತ್ತು.

ಅವಳು ಉದ್ದನೆಯ ಲೀಗಲ್ ಹಾಳೆಯಲ್ಲಿ ಬರೆಯುತ್ತಿದ್ದಳು. ಗ್ರಂಥಾಲಯದ ಜೆರಾಕ್ಸ್ ಯಂತ್ರದಲ್ಲಿ ಇಡುತ್ತಿದ್ದದ್ದು ಎ-ಫೋರ್ ಹಾಳೆ. ಕೊನೆಯ ಸಾಲು ಪ್ರತಿಗಳಲ್ಲಿ ಬರುತ್ತಿರಲಿಲ್ಲ. ಅದನ್ನು ತರಗತಿಯಲ್ಲಿ ಬಾಯಲ್ಲಿ ಹೇಳಿದರಾಯಿತು ಎಂದು ಬಿಟ್ಟಿದ್ದಳು.

ಆ ಸಾಲನ್ನು ಈಗ ಓದಬೇಕಾಗಿರಲಿಲ್ಲ. ಪ್ರತಿ ವರ್ಷ ಅದೇ ಸಾಲು.

‘ಇವುಗಳಲ್ಲಿ ಒಂದು ಸುಳ್ಳು. ಯಾವುದೆಂದು ಹುಡುಕಿ ತನ್ನಿ.’

* * *

ಸಂಜೆ ಮನೆಗೆ ಬಂದಾಗ ಎರಡು ಹಾಳೆಗಳೂ ಚೀಲದಲ್ಲಿದ್ದವು. ತೆಗೆದುಕೊಂಡು ಹೋಗ್ತೀನಿ ಎಂದಾಗ ಡಿಟಿಪಿ ಅಣ್ಣ ತಡೆದಿರಲಿಲ್ಲ. ಯಾರಿಗೂ ಹೇಳಲ್ಲ ಮೇಡಂ ಎಂದಿದ್ದ. ಆ ಮಾತು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತ್ತು.

ಅತ್ತೆ ಬಾಗಿಲು ತೆರೆದರು. ಇಬ್ಬರೇ ಇರುವ ಮನೆ. ಸೊಸೆ ಕೈಕಾಲು ತೊಳೆಯದೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು. ಒಲೆ ಉರಿಯುತ್ತಿತ್ತು. ಎರಡು ಹಾಳೆ, ಎರಡು ನಿಮಿಷದ ಕೆಲಸ. ನಾಳೆ ಸಮಿತಿಯ ಮುಂದೆ ಪುಸ್ತಿಕೆ ಇಟ್ಟರೆ ಸಾಕು. ವಿದ್ಯಾರ್ಥಿಗಳು ಮಾಡಿದ ಪುಸ್ತಿಕೆ, ಯಾರು ಸೇರಿಸಿದರೋ ತಿಳಿಯದು. ‘ಗಣನೀಯವಾಗಿ’ ಎಂದು ಬರೆದ ಪ್ರೊಫೆಸರ್ ಸಿಕ್ಕಿಕೊಳ್ಳುತ್ತಾರೆ. ಅವರು ಸಿಕ್ಕಿಕೊಂಡರೆ ಮರುಗುವವರು ಕಡಿಮೆ.

ಹುಡುಗಿಗೆ ಮಾತ್ರ ಅಷ್ಟು ಸಾಲದು. ಏಳು ವರ್ಷದ ಹಿಂದೆ ಅವಳೂ ಇದೇ ವಿಭಾಗದ ವಿದ್ಯಾರ್ಥಿನಿ, ಪುಸ್ತಿಕೆಗೆ ಸೇರಿಸಿದ್ದೂ ಅವಳೇ ಎನ್ನಬಹುದು. ಹುಟ್ಟಿಸಿದವರು ಇಂಥವರೇ ಎಂದು ಗೊತ್ತಾಗುವವರೆಗೆ ಆ ಪದ ಅವಳ ಮೇಲಿಂದ ಇಳಿಯುವುದಿಲ್ಲ.

ಏನಾಯಿತೆಂದು ಅತ್ತೆ ಕೇಳಿದರು. ಅವಳು ಹೇಳಿದಳು. ಇಪ್ಪತ್ತು ನಮೂದು, ಒಂದು ಸುಳ್ಳು. ಬುಧವಾರ ಹಾಳೆ ಹಂಚಿದ್ದು. ಮುಂದಿನ ಬುಧವಾರ ಉತ್ತರ ಹೇಳಬೇಕಿತ್ತು. ನಡುವಿನ ಶನಿವಾರ ಬೆಳಿಗ್ಗೆ ಗಂಡ ಹೊರಗೆ ಹೋದ, ಮಧ್ಯಾಹ್ನ ಆಸ್ಪತ್ರೆಯಲ್ಲಿದ್ದ, ಸಂಜೆಗೆ ಇರಲಿಲ್ಲ. ಅದನ್ನು ಅತ್ತೆಗೆ ಹೇಳಬೇಕಾಗಿರಲಿಲ್ಲ.

ಅತ್ತೆ ಒಲೆ ಆರಿಸಿದರು.

“ಅವನ ಹೆಸರು ಹೇಳಿದ್ರೆ ಯಾರೂ ನಿನ್ನ ಏನೂ ಅನ್ನಲ್ಲ.”

“ಗೊತ್ತು ಅತ್ತೆ.”

“ಹೇಳ್ತೀಯಾ?”

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡರು.

“ಹನ್ನೊಂದು ಮನೆಗೆ ಫೋನ್ ಮಾಡಿಸಿದ್ಯಲ್ಲ ನನ್ ಕೈಲಿ. ನಂಗೂ ವಯಸ್ಸಾಯ್ತು, ಕಣ್ಣು ಕಾಣಲ್ಲ, ಗೊತ್ತಾಗ್ಲಿಲ್ಲ ಅಂತ ಹೇಳ್ಕೋಬೋದಿತ್ತು. ನೀನು ಪಕ್ಕದಲ್ಲಿ ಕೂತಿದ್ದೆ, ಹೇಳೋಕೆ ಬಿಡ್ಲಿಲ್ಲ.” ಬೈಗುಳದ ದನಿಯಲ್ಲ ಅದು. “ನಾಳೆ ನಿನ್ ಪಕ್ಕದಲ್ಲಿ ಯಾರೂ ಇರಲ್ಲ.”

* * *

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು. ಮೂವರು ಸದಸ್ಯರು, ಮಧ್ಯೆ ಅಧ್ಯಕ್ಷರು, ನಿವೃತ್ತಿಗೆ ಹತ್ತಿರವಾದ ಸೌಮ್ಯ ಮನುಷ್ಯ. ಒಂದು ಕಡೆ ಪ್ರೊಫೆಸರ್. ಇನ್ನೊಂದು ಕಡೆ ಹುಡುಗಿ, ತೊಡೆಯ ಮೇಲೆ ಐದು ವರ್ಷದ ಪ್ರಬಂಧ.

ಗ್ರಂಥಪಾಲಕಿ ನಾಲ್ಕು ಹಾಳೆಗಳನ್ನು ಸಾಲಾಗಿ ಇಟ್ಟಳು.

ತಾನು ಹೋದ ದಾರಿಯನ್ನೇ ಹೇಳಿದಳು. ಸಾಮಾನ್ಯವಾಗಿ ಮಾತು ಬಾಯಿಂದ ಬಾಯಿಗೆ ಹೋಗುತ್ತ ಕೆಡುತ್ತದೆ. ಇದು ಕೈಯಿಂದ ಕೈಗೆ ಹೋಗುತ್ತ ನೆಟ್ಟಗಾಗಿದೆ. ಮೂಲ ಹಾಳೆಯಲ್ಲಿ ಎರಡು ತಪ್ಪುಗಳಿದ್ದವು: ತ್ರೈಮಾಸಿಕಕ್ಕೆ ಐದನೇ ಸಂಚಿಕೆ, ಹಿಂದುಮುಂದಾದ ಪುಟಗಳು. ಎರಡೂ ಬೇಕೆಂದೇ ಇಟ್ಟವು. ನೋಡಿದವರು ಎಡವಿ, ನಿಂತು, ಕಪಾಟಿನವರೆಗೆ ಹೋಗಲಿ ಎಂದು ದಾರಿಗಡ್ಡ ಇಟ್ಟ ಕಲ್ಲುಗಳು. ಪ್ರೂಫಿನಲ್ಲಿ ಪುಟ ತಿರುಗಿಸಲಾಯಿತು, ಒಂದು ಕಲ್ಲು ಹೋಯಿತು. ಅದನ್ನು ಪುಸ್ತಿಕೆಯಿಂದ ಎತ್ತಿಕೊಂಡ ಪ್ರೊಫೆಸರ್, ಬರೀ ಶೀರ್ಷಿಕೆಯಾಗಿದ್ದದ್ದಕ್ಕೆ ಒಂದು ಫಲಿತಾಂಶ ಕಟ್ಟಿದರು. ಮುಂದಿನವರು ಅದಕ್ಕೆ ಅಂಕಿ ಕೊಟ್ಟರು. ಈ ಹುಡುಗಿ ಐದನ್ನು ನಾಲ್ಕು ಮಾಡಿದಳು, ಎರಡನೇ ಕಲ್ಲೂ ಹೋಯಿತು. ಈಗ ನೋಡಿದರೆ ಅದಕ್ಕಿಂತ ಚೊಕ್ಕವಾದ ನಮೂದು ಇಡೀ ಪ್ರಬಂಧದಲ್ಲಿ ಇಲ್ಲ. ಸುಳ್ಳನ್ನು ಹರಡಿದವರಲ್ಲಿ ಯಾರೂ ಸೋಮಾರಿಗಳಲ್ಲ. ಎಲ್ಲರೂ ಪಟ್ಟಿ ತಿದ್ದಿದರು. ಪತ್ರಿಕೆ ತೆರೆಯಲಿಲ್ಲ.

ಪ್ರೊಫೆಸರ್ ಮೇಜಿನ ಮೇಲಿದ್ದ ಲೋಟವನ್ನು ಸುಮ್ಮನೆ ಸರಿಸುತ್ತಿದ್ದರು.

“ಹಾಗಾದ್ರೆ ಈ ಮೂಲ ಹಾಳೆ ಬರೆದೋರು ಯಾರು?” ಅಧ್ಯಕ್ಷರು ಕೇಳಿದರು.

“ನಾನು.”

ಹುಡುಗಿ ತಲೆ ಎತ್ತಿದಳು.

“ಹೊಸಬರ ಪಾಠಕ್ಕೆ ಬರೆದದ್ದು. ಸುಳ್ಳು ಯಾವುದು ಅಂತ ಮುಂದಿನ ತರಗತೀಲಿ ಹೇಳ್ತೀನಿ ಅಂದಿದ್ದೆ. ಹೇಳಲಿಲ್ಲ. ಪುಟ ತಿರುಗಿಸೋಕೆ ಒಪ್ಪಿಗೆ ಕೊಟ್ಟಿದ್ದೂ ನಾನೇ. ಅಂಚಿನಲ್ಲಿರೋ ‘ಸರಿ’ ನನ್ನದು.”

ಅಧ್ಯಕ್ಷರು ಹಾಳೆಯ ಮೇಲಿನ ತಾರೀಕು ನೋಡಿದರು. ಅವರ ಮುಖ ಮೃದುವಾಯಿತು. ಅದನ್ನು ನೋಡಿ ಅವಳಿಗೆ ಎದ್ದು ಹೋಗಬೇಕು ಅನ್ನಿಸಿತು.

“ಇದು ನಿಮ್ಮ ಮನೇಲಿ ಆ… ಆ ವರ್ಷ ಅಲ್ವೇನಮ್ಮ. ಪಾಪ, ನೀವು ಯಾವ ಸ್ಥಿತೀಲಿದ್ರಿ ಅಂತ ನಮಗೆಲ್ಲ ಗೊತ್ತು.”

ಬಾಗಿಲು ತೆರೆದೇ ಇತ್ತು. ಹೌದು ಸರ್ ಎಂದರೆ ಸಾಕಿತ್ತು. ಒಂದು ಹನಿ ಕಣ್ಣೀರೂ ಬೇಕಿರಲಿಲ್ಲ.

“ರಜೆ ಹಾಕಿದ್ದು ನಲವತ್ತು ದಿನ ಸರ್,” ಎಂದಳು. “ಆಮೇಲೆ ಏಳು ವರ್ಷ ಅದೇ ಕುರ್ಚಿ ಮೇಲೆ ಕೂತಿದ್ದೀನಿ. ಆ ಪುಸ್ತಿಕೆ ನನ್ನ ಕಪಾಟಲ್ಲೇ ಇದೆ. ಪ್ರೊಫೆಸರ್ ಪುಸ್ತಕಕ್ಕೆ ನಂಬರ್ ಹಾಕಿ ಒಳಗಿಟ್ಟವಳೂ ನಾನೇ. ತೆರೆದು ನೋಡಲಿಲ್ಲ.”

ಹುಡುಗಿ ಎದ್ದು ನಿಂತಳು. ತಾನು ಲೇಖನ ಓದಿದ್ದೀನಿ ಎಂದು ಸುಳ್ಳು ಹೇಳಿದ್ದನ್ನು ತಾನಾಗಿಯೇ ಹೇಳಿದಳು. ಜೆರಾಕ್ಸ್ ಕಳೆದುಹೋಯಿತೆಂದದ್ದನ್ನೂ ಬಿಡಲಿಲ್ಲ. ಹೇಳಿ ಕೂತಳು. ಪ್ರೊಫೆಸರ್ ಮಾತ್ರ ಕೊನೆಯವರೆಗೂ ಲೋಟ ಸರಿಸುತ್ತಲೇ ಇದ್ದರು.

ಸಮಿತಿ ಅರ್ಧ ಗಂಟೆ ಬಾಗಿಲು ಹಾಕಿಕೊಂಡಿತು. ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಹುಡುಗಿ, ಇನ್ನೊಂದು ತುದಿಯಲ್ಲಿ ಗ್ರಂಥಪಾಲಕಿ. ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ.

“ಮಂಗಳವಾರ ನನ್ನ ಮುಂದೆ ಆ ಹಾಳೆ ಬಿಡಿಸಿ ತೋರಿಸಿದ್ರಲ್ಲ ಮೇಡಂ,” ಹುಡುಗಿ ಗೋಡೆ ನೋಡುತ್ತ ಹೇಳಿದಳು. “ಅವತ್ತು ನಂಗೆ ಸತ್ತುಹೋಗೋಷ್ಟು ನಾಚಿಕೆ ಆಯ್ತು.”

“ಹೂಂ.”

“ನಿಮಗೆ ಈಗ ಹಾಗೇ ಆಗ್ತಿದೆಯಾ?”

“ಹೂಂ.”

ಹುಡುಗಿ ಸಮಾಧಾನ ಹೇಳಲಿಲ್ಲ.

‘ಕಪೋಲಕಲ್ಪಿತ’ ಎಂಬ ಪದವನ್ನು ಕಡತದಿಂದ ತೆಗೆಯಲಾಯಿತು. ಹುಡುಗಿಗೆ ಆರು ತಿಂಗಳು ಗಡುವು: ಇನ್ನೂರ ನಾಲ್ಕನ್ನು ಕಿತ್ತು ಉಳಿದ ಪ್ರತಿಯೊಂದನ್ನೂ ಮೂಲದೊಡನೆ ಇಟ್ಟು ನೋಡಿ, ಅಧ್ಯಾಯ ತಿದ್ದಿ ಮತ್ತೆ ಒಪ್ಪಿಸಬೇಕು. ಪ್ರೊಫೆಸರ್ ತಿದ್ದುಪಡಿ ಪ್ರಕಟಿಸಬೇಕು. ಗ್ರಂಥಪಾಲಕಿಯ ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆ. ಉಲ್ಲೇಖಿಸಿದ ಎಲ್ಲರಿಗೂ ಪತ್ರ ಬರೆಯುವ ಕೆಲಸವನ್ನು ಅವಳೇ ಕೇಳಿ ತೆಗೆದುಕೊಂಡಳು. ಆ ಸಂಜೆ ಲಕೋಟೆಗಳನ್ನು ನೋಡಿದ ಅತ್ತೆ ಎಷ್ಟು ಎಂದು ಕೇಳಿದರು. ಈ ಹುಡುಗಿಯನ್ನೂ ಪ್ರೊಫೆಸರರನ್ನೂ ಬಿಟ್ಟರೆ ಹದಿನೇಳು. “ನಂದು ಹನ್ನೊಂದೇ,” ಎಂದು ಕನ್ನಡಕ ಹುಡುಕಿಕೊಂಡು ಬಂದು ಅಂಟು ಹಚ್ಚಲು ಕೂತರು.

* * *

ಎರಡು ತಿಂಗಳಾಯಿತು. ಹುಡುಗಿ ಮೂಲೆಯ ಮೇಜಿನಲ್ಲಿ ಕೂತು ಒಂದೊಂದೇ ಸಂಪುಟ ತೆರೆಯುತ್ತಿದ್ದಳು. ಕೋಷ್ಟಕಕ್ಕೆ ಹೊಸದೊಂದು ಕಾಲಂ ಸೇರಿಸಿದ್ದಳು. ಮಕ್ಕಳು ಸುಳ್ಳನ್ನು ನಂಬುವ ಬಗ್ಗೆ ಎಷ್ಟು ಅಧ್ಯಯನ, ಶಿಕ್ಷಕರು ನಂಬುವ ಬಗ್ಗೆ ಎಷ್ಟು ಎಂಬುದರ ಪಕ್ಕದಲ್ಲಿ, ಅಧ್ಯಯನ ಮಾಡುವವರೇ ನಂಬುವ ಬಗ್ಗೆ ಎಷ್ಟು. ಆ ಕಾಲಂನಲ್ಲಿ ಇನ್ನೂ ಸೊನ್ನೆ ಇತ್ತು. ಗ್ರಂಥಪಾಲಕಿಯ ಜೊತೆ ಬೇಕಾದಷ್ಟೇ ಮಾತು.

ಹದಿನೇಳು ಪತ್ರಗಳಿಗೆ ಬಂದ ಉತ್ತರ ಎರಡು. ಮೊದಲನೆಯವರು ಕೃತಜ್ಞತೆ ಹೇಳಿದ್ದರು. ಎರಡನೆಯದು ಅವತ್ತಿನ ಟಪಾಲಿನಲ್ಲಿ ಬಂತು. ಗ್ರಂಥಪಾಲಕಿ ಓದಿದಳು. ಮತ್ತೊಮ್ಮೆ ಓದಿ, ಎದ್ದು ಹೋಗಿ ಹುಡುಗಿಯ ಮುಂದಿಟ್ಟಳು.

‘ತಮ್ಮ ಪತ್ರ ತಲುಪಿತು. ಬಹಳ ಕಾಲದಿಂದ ಆ ಲೇಖನವನ್ನು ಹುಡುಕುತ್ತಿದ್ದೇನೆ. ತಮ್ಮ ಬಳಿ ಇರುವುದಾದರೆ ದಯವಿಟ್ಟು ಒಂದು ಪ್ರತಿ ಕಳಿಸಿಕೊಡಬೇಕು.’

ಹುಡುಗಿಗೆ ನಗು ಬಂತು. ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರೂ ಭುಜ ಕುಲುಕಿತು. ಆಮೇಲೆ ನಗು ನಿಂತಿತು.

“ಪತ್ರಾನೂ ಪೂರ್ತಿ ಓದಿಲ್ಲ ಇವರು,” ಎಂದಳು. “ಇದಕ್ಕೆ ನೀವೇ ಉತ್ತರ ಬರೀಬೇಕು ಮೇಡಂ.”

ಗ್ರಂಥಪಾಲಕಿ ಎ-ಫೋರ್ ಹಾಳೆ ತೆಗೆದುಕೊಂಡಳು. ಅಂಚು ಬಿಟ್ಟು ಬರೆದಳು. ಆ ಲೇಖನ ಇಲ್ಲ, ಎಂದೂ ಇರಲಿಲ್ಲ, ಅದನ್ನು ಹುಟ್ಟಿಸಿದವಳು ನಾನು. ಮುಗಿಸಿದ ಮೇಲೆ ಅಭ್ಯಾಸಬಲದಿಂದ ‘ಸರಿ’ ಎಂದು ಬರೆಯಲು ಪೆನ್ಸಿಲು ಅಂಚಿಗೆ ಹೋಯಿತು. ಅಲ್ಲೇ ನಿಂತಿತು. ಅವಳು ಹಾಳೆಯನ್ನು ಹುಡುಗಿಯ ಕಡೆ ಸರಿಸಿದಳು.

“ಓದಿ ನೋಡು. ತಪ್ಪಿದ್ರೆ ಹೇಳು.”

ಹುಡುಗಿ ಮುಂದಿದ್ದ ಸಂಪುಟ ಮುಚ್ಚಿ ಪಕ್ಕಕ್ಕಿಟ್ಟಳು. ಹಾಳೆಯನ್ನು ಬೆಳಕಿಗೆ ಹಿಡಿದು, ಕೊನೆಯ ಸಾಲಿನವರೆಗೂ ಓದಿದಳು.